ಬುಡನ್ ಸಾಬರು ಅಳಿಸಿದ ನಂಬರು

ನನ್ನ ಬಾಯಿ ಕೆಟ್ಟದ್ದು. ಶಿರಾ ಪೇಟೆಯಲ್ಲಿ ಯಾರನ್ನು ಬೇಕಾದರೂ ಕೇಳಿ, ಜಹೀರ್ ಅಹಮದ್ ಒಳ್ಳೆ ಕೆಲಸಗಾರ, ಬಾಯಿ ಮಾತ್ರ ಬಚ್ಚಲು ಅನ್ನುತ್ತಾರೆ. ಅನ್ನಲಿ, ಸುಳ್ಳೇನಲ್ಲ. ಆ ಬಾಯಿಂದ ಬಂದ ಎಷ್ಟೋ ಮಾತು ನಾನೇ ಮರೆತಿದ್ದೇನೆ. ಅರವತ್ತೆರಡನೇ ಇಸವಿಯಲ್ಲಿ ಮಧುಗಿರಿಯ ಪ್ರವಾಸಿ ಬಂಗಲೆ ಮುಂದೆ ಆಡಿದ ಒಂದು ಮಾತನ್ನು ಮಾತ್ರ ಮರೆಯಲು ಆಗಿಲ್ಲ. ಅದನ್ನು ಹೇಳಿಬಿಡುತ್ತೇನೆ.

ನಮ್ಮದು ಪಾತ್ರೆಗಳಿಗೆ ಕಲಾಯಿ ಹಾಕುವ ಮನೆತನ. ನಮ್ಮಪ್ಪ ಬುಡನ್ ಸಾಬ್ ಕಲಾಯಿ ಹಾಕಿದ ಕೊಳಗದಲ್ಲಿ ಮುಖ ನೋಡಿಕೊಂಡು ಮೀಸೆ ಕತ್ತರಿಸಿಕೊಳ್ಳಬಹುದಿತ್ತು. ಆದರೆ ನನ್ನ ಕಾಲಕ್ಕೆ ಸ್ಟೀಲ್ ಪಾತ್ರೆ ಬಂತು. ಸ್ಟೀಲಿಗೆ ಕಲಾಯಿ ಬೇಕಿಲ್ಲ. ಬೀದಿಯಲ್ಲಿ "ಕಲಾಯೀ" ಅಂತ ಕೂಗಿಕೊಂಡು ಹೋದರೆ ಹೆಂಗಸರು ಬಾಗಿಲಿಗೂ ಬರುವುದನ್ನು ಬಿಟ್ಟರು. ನಾನು ಅಲ್ಲಿ ಇಲ್ಲಿ ನೋಡಿ ಎಂಜಿನ್ ಕೆಲಸ ಕಲಿತೆ.

ಮಧುಗಿರಿಯಲ್ಲಿ ಚನ್ನಮಲ್ಲಯ್ಯನವರು ಅಂತ ಪಂಪ್‌ಸೆಟ್ ಮಾರುವ ವ್ಯಾಪಾರಿ. ನನ್ನ ಕೆಲಸ ನೋಡಿ ಒಂದು ದಿನ ಅಂಗಡಿಗೆ ಕರೆದು ಹೇಳಿದರು.

"ನೋಡಪ್ಪ ಜಹೀರು, ನಾಕು ತಾಲ್ಲೂಕ್ನಾಗೂ ಪಂಪು ಮಾರಿದೀನಿ. ಒಂದು ಕೆಟ್ಟೋದ್ರೆ ರೈತ ಬಂದು ನನ್ನೆದೆ ಮೇಲೆ ಕುಂತ್ಕಂತಾನೆ. ಬೆಳಿಗ್ಗೆ ಸಿರಾದಾಗಿದ್ದು ಮಧ್ಯಾನ್ಕೆ ತಿರುಮಣೀಲಿ ಇರೋ ಮೆಕ್ಯಾನಿಕ್ಕು ಬೇಕು ನಂಗೆ, ಬಸ್ಸು ಕಾಯೋನು ಬ್ಯಾಡ. ಒಂದನೇ ತಾರೀಕ್ನೊಳಗೆ ರಿಜಿಸ್ಟರಾಗಿರೋ ಗಾಡಿ ತಂದು ನಿಲ್ಸು, ಕೆಲ್ಸ ನಿಂದು. ಇಲ್ದಿದ್ರೆ ತುಮಕೂರ್ನೋನೊಬ್ಬ ಕಾಯ್ತಾ ಅವ್ನೆ."

ಗಾಡಿ ನನ್ನ ಹತ್ತಿರ ಇತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿನಲ್ಲಿ ಮಾರಿದ ಮೋಟಾರ್ ಸೈಕಲ್ಲು. ಕೊರಟಗೆರೆಯ ಒಬ್ಬ ಕಂಟ್ರಾಕ್ಟರು ಅದನ್ನು ಕೊಂಡು, ರಿಜಿಸ್ಟರೂ ಮಾಡಿಸದೆ ದನದ ಕೊಟ್ಟಿಗೆಯಲ್ಲಿ ನಿಲ್ಲಿಸಿ ತೀರಿಹೋಗಿದ್ದ. ಅವನ ಹೆಂಡತಿ ದಾಕ್ಷಾಯಣಮ್ಮ, "ತಗಂಡೋಗಪ್ಪ, ಇದರ ಮೇಲೆ ಕೋಳಿ ಹೇಲು ತೊಳ್ದು ತೊಳ್ದು ಸಾಕಾಗೈತೆ" ಅಂತ ಹರಾಜಿನ ಕಾಗದದ ಸಮೇತ ಬರೆದುಕೊಟ್ಟರು. ಒಂದೂವರೆ ವರ್ಷ ಆ ತುಕ್ಕಿನ ರಾಶಿಯ ಜೊತೆ ಗುದ್ದಾಡಿದೆ. ನನ್ನ ಹೆಂಡತಿ ನಜ್ಮುನ್ನೀಸಾ, "ನಿಮಗೆ ನಾನೊಬ್ಬಳು, ಅದೊಬ್ಬಳು" ಅಂತ ಸಿಡುಕುತ್ತಿದ್ದಳು. ಕೊನೆಗೆ ಒಂದು ದಿನ ಅದು ಗುಡುಗಿ ಎದ್ದು ನಿಂತಿತು. ಬೀದಿಯ ನಾಯಿಗಳೆಲ್ಲ ಊರು ಬಿಟ್ಟವು.

ಉಳಿದದ್ದು ಬ್ರೇಕ್ ಇನ್‌ಸ್ಪೆಕ್ಟರ ಪರೀಕ್ಷೆ. ಸರ್ಕಾರ ಅವರನ್ನು ಏನೆಂದು ಕರೆಯುತ್ತಿತ್ತೋ, ನಮ್ಮ ಕಡೆ ಎಲ್ಲರಿಗೂ ಅವರು ಬ್ರೇಕ್ ಇನ್‌ಸ್ಪೆಕ್ಟರು. ತಿಂಗಳಿಗೊಂದೇ ಸಲ ಮಧುಗಿರಿಗೆ ಬರುತ್ತಿದ್ದರು. ಆ ತಿಂಗಳು ಬಂದದ್ದು ಇಪ್ಪತ್ತೆಂಟನೇ ತಾರೀಕು. ಅವತ್ತು ಪಾಸಾಗದಿದ್ದರೆ ಚನ್ನಮಲ್ಲಯ್ಯನವರ ಕೆಲಸ ತುಮಕೂರಿನವನ ಪಾಲು, ನಾನು ಮತ್ತೆ ಕಲಾಯಿ ಕುಲುಮೆಯ ಮುಂದೆ. ರಿಜಿಸ್ಟರಾಗದ ಬಂಡಿಯನ್ನು ರಸ್ತೆಗಿಳಿಸಿದರೆ ಪೊಲೀಸರು ಬಿಡುವುದಿಲ್ಲ. ಅದಕ್ಕೇ ಗೋಣಿ ಸುತ್ತಿ, ಒಂದು ಕಡಲೇಕಾಯಿ ಲಾರಿಗೆ ಹೇರಿಕೊಂಡು ಬೆಳಗಿನ ನಮಾಜು ಮುಗಿಸಿ ಹೊರಟೆ.

ನಮ್ಮಪ್ಪನೂ ಬರುತ್ತೇನೆ ಅಂದರು. ಅವರಿಗೆ ಆಗ ಅರವತ್ತೆಂಟು. ಎರಡು ಕಣ್ಣಿಗೂ ಪೊರೆ ಬಂದು ಬಿಸಿಲು ನೆರಳು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಆದರೂ ಆ ಬಂಡಿಯ ಒಂದೊಂದು ಕಡ್ಡಿಯನ್ನೂ ಹುಣಸೆಹಣ್ಣು ಬೂದಿ ಹಾಕಿ ಬೆಳಗಿದವರು ಅವರೇ.

"ನೀವು ಬಂದು ಏನು ಮಾಡುತ್ತೀರಿ ಅಬ್ಬಾಜಿ? ಮನೆಯಲ್ಲಿರಿ," ಅಂದೆ. ನಾವು ಮನೆಯಲ್ಲಿ ಆಡುವುದು ಉರ್ದು, ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

"ದೊಡ್ಡ ಸಾಹೇಬರು ನನ್ನ ಕೆಲಸ ನೋಡಿ ಏನನ್ನುತ್ತಾರೋ ಕೇಳಬೇಕು ಬೇಟಾ. ನನ್ನ ಪಾಡಿಗೆ ಒಂದು ಕಡೆ ಕೂತಿರುತ್ತೇನೆ."

ಬಂಗಲೆಯ ಮುಂದೆ ಆಗಲೇ ಎರಡು ಬಸ್ಸು, ನಾಲ್ಕು ಲಾರಿ ಸಾಲಾಗಿ ನಿಂತಿದ್ದವು. ಹಿಂದುಗಡೆ ಬೆಟ್ಟ, ಅದರ ಬೋಳು ಬಂಡೆಗೆ ಬಿಸಿಲು ಏರುತ್ತಿತ್ತು. ಅಪ್ಪನನ್ನು ಹುಣಸೆ ಮರದ ಕೆಳಗೆ ಕೂರಿಸಿ ಬಂದು, ಬಂಡಿಯ ಗೋಣಿ ಬಿಚ್ಚಿದೆ. ಮದುವಣಗಿತ್ತಿಯ ಹಾಗೆ ಹೊಳೆಯುತ್ತಿತ್ತು. ಒಬ್ಬ ಲಾರಿ ಡ್ರೈವರು ಬಂದು ಟ್ಯಾಂಕಿನಲ್ಲಿ ತಲೆ ಬಾಚಿಕೊಂಡು ಹೋದ.

ಇನ್‌ಸ್ಪೆಕ್ಟರು ಸಣ್ಣ ಆಳು, ಕನ್ನಡಕ, ಇಸ್ತ್ರಿ ಮುರಿಯದ ಬಿಳಿ ಷರಟು. ಮೊದಲನೇ ಬಸ್ಸಿನ ಬಾನೆಟ್ ಎತ್ತಿಸಿ, ಎಂಜಿನ್ನಿನ ಮೇಲೆ ಕೊರೆದ ನಂಬರಿಗೆ ತೆಳು ಕಾಗದ ಒತ್ತಿ ಪೆನ್ಸಿಲಿನಿಂದ ಉಜ್ಜಿದರು. ಕಾಗದದ ಮೇಲೆ ಅಂಕಿಗಳು ಬೆಳ್ಳಗೆ ಮೂಡಿದವು. ಅದನ್ನು ಫೈಲಿನ ಕಾಗದದ ಪಕ್ಕ ಹಿಡಿದು ತಾಳೆ ನೋಡಿದರು. ಓಹೋ, ಹೀಗೋ ಇದು, ನಾನೂ ನನ್ನ ನಂಬರನ್ನು ಒಂದು ಸಲ ಒರೆಸಿಡೋಣ ಅಂತ ಬಟ್ಟೆ ಹಿಡಿದು ಬಗ್ಗಿದೆ.

ನಂಬರು ಇರಲಿಲ್ಲ.

ಬೇರೆ ಕಡೆ ಇರಬೇಕು ಅಂತ ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ. ಹ್ಯಾಂಡಲ್ಲಿನ ಕೆಳಗೆ ಫ್ರೇಮಿನ ಮೇಲೂ ಅದೇ ನಂಬರು ಇತ್ತು, ಅಲ್ಲಿ ನೋಡಿದೆ. ಅಲ್ಲೂ ಇಲ್ಲ. ಬೆರಳಿಟ್ಟರೆ ಜಾರುವಷ್ಟು ನುಣುಪು. ಮರದ ಹತ್ತಿರ ಓಡಿದೆ.

"ಅಬ್ಬಾಜಿ, ಎಂಜಿನ್ನಿನ ಮೇಲೆ ಏನೋ ಕೊರೆದಿತ್ತಲ್ಲ?"

"ಇತ್ತು. ಎರಡು ಕಡೆ ಇತ್ತು. ನಿನ್ನೆ ನೀನು ಪೆಟ್ರೋಲಿಗೆ ಹೋಗಿದ್ದಾಗ ತೆಗೆದೆ."

"ತೆಗೆದಿರಾ?"

"ಬಂಡಿ ಕೈ ಬದಲಾಯಿತಲ್ಲ ಬೇಟಾ. ಹಳೇ ಯಜಮಾನನ ಹೆಸರು ಯಾಕಿರಬೇಕು? ಕೈಯಾಡಿಸಿ ನೋಡು, ಎಲ್ಲಿತ್ತು ಅಂತ ಹೇಳು ನೋಡೋಣ!" ಅವರ ಮುಖ ಅರಳಿತ್ತು.

ನಮ್ಮ ಕಸುಬು ತಿಳಿಯದವರಿಗೆ ಇದು ಹುಚ್ಚು ಅನ್ನಿಸಬಹುದು. ಪಾತ್ರೆಯ ಮೇಲೆ ಮನೆಯವರ ಹೆಸರು ಕೊರೆಸುವುದು ನಮ್ಮ ಕಡೆ ಎಲ್ಲರಲ್ಲೂ ಉಂಟು. ಆ ಪಾತ್ರೆ ಭಾಗವಾಗಿಯೋ ಮಾರಾಟವಾಗಿಯೋ ಬೇರೆ ಮನೆಗೆ ಹೋದರೆ, ಮೊದಲು ಕಲಾಯಿಯವನ ಹತ್ತಿರ ಬರುತ್ತದೆ. ಹಳೇ ಹೆಸರನ್ನು ಅರದಿಂದ ಉಜ್ಜಿ, ಇತ್ತು ಅನ್ನುವ ಗುರುತೂ ಇಲ್ಲದಂತೆ ಮೆರುಗು ಕೊಟ್ಟು ಕಳಿಸುವುದು ನಮ್ಮ ಮರ್ಯಾದೆ. ಹಳೇ ಹೆಸರು ಉಳಿದರೆ ಹಳೇ ಮನೆಯ ಜಗಳ ಹೊಸ ಮನೆಗೂ ಬರುತ್ತದೆ ಅನ್ನುತ್ತಾರೆ. ಓದು ಬಾರದ ನಮ್ಮಪ್ಪ ಐವತ್ತು ವರ್ಷ ಮಾಡಿದ್ದನ್ನೇ ನನ್ನ ಬಂಡಿಗೂ ಮಾಡಿದ್ದರು, ಅದೂ ಪ್ರೀತಿಯಿಂದ.

ಅವರಿಗೆ ಏನು ಹೇಳಲಿ? "ಇಲ್ಲೇ ಕೂತಿರಿ, ಏಳಬೇಡಿ," ಅಂತಷ್ಟೇ ಹೇಳಿ ಬಂದುಬಿಟ್ಟೆ. ಹಲ್ಲು ಕಚ್ಚಿಕೊಂಡಿದ್ದೆ. ಕೋಪ ಬಂದಿತ್ತು, ಭಯ ಅದಕ್ಕಿಂತ ಹೆಚ್ಚಾಗಿತ್ತು.

ಇನ್‌ಸ್ಪೆಕ್ಟರ ಜವಾನ ಅಡವಯ್ಯ ಮೆಟ್ಟಿಲ ಮೇಲೆ ಬೀಡಿ ಸೇದುತ್ತಾ ಕೂತಿದ್ದ. ಯಾರದೋ ವಿಷಯ ಅನ್ನುವ ಹಾಗೆ ಕೇಳಿದೆ, "ಅಡವಯ್ಯ, ನಂಬರು ಸವೆದು ಹೋಗಿದ್ರೆ ಹೊಸದಾಗಿ ಹೊಡ್ಸಬಹುದಾ?"

"ಲೇ, ಬಾಯ್ ಮುಚ್ಚು ಕಣ್ಲಾ. ಹೋದ ತಿಂಗ್ಳು ಒಬ್ಬ ಹಂಗೇ ಹೊಡ್ಕಂಡ್ ಬಂದಿದ್ದ. ಸಾಹೇಬ್ರು ಬೆರಳಾಗೆ ಮುಟ್ಟಿ ನೋಡುದ್ರು, ಸೀದಾ ಠಾಣೆಗೆ ಕಳ್ಸುಬುಟ್ರು. ಕದ್ದ ಗಾಡಿ ಮಾಡೋ ಕೆಲ್ಸ ಅಲ್ವೇನ್ಲಾ ಅದು? ಗಾಡೀನೂ ಹೋಯ್ತು, ಅವ್ನೂ ಹೋದ." ಆಮೇಲೆ ನನ್ನ ಮುಖ ನೋಡಿ, "ಯಾಕ್ಲಾ ಹಿಂಗೆ ಬೆವರ್ತಾ ಇದ್ದೀಯ?" ಅಂದ.

ಕಬ್ಬಿಣದ ಅಂಗಡಿ ಕೂಗಳತೆಯಲ್ಲಿತ್ತು. ಅಂಕಿ ಹೊಡೆಯುವ ಉಳಿ ಅಲ್ಲಿ ಸಿಗುತ್ತದೆ ಅಂತ ನನಗೆ ಗೊತ್ತು. ಎರಡು ಸಲ ರಸ್ತೆಯವರೆಗೂ ಹೋದೆ, ಎರಡು ಸಲವೂ ಕಾಲು ಮುಂದೆ ಹೋಗಲಿಲ್ಲ. ವಾಪಸ್ ಹೋಗಿಬಿಡೋಣ ಅನ್ನಿಸಿತು. ಹೋದರೆ ಒಂದನೇ ತಾರೀಕು ಕಳೆದುಹೋಗುತ್ತದೆ. ನಿಂತರೆ ಠಾಣೆ. ಸಾಲು ಕರಗುತ್ತಾ ಬಂತು. ಒಂದೊಂದು ಲಾರಿ ಮುಂದೆ ಹೋದಾಗಲೂ ನನ್ನ ಜೀವ ಒಂದು ಗೇಣು ಕೆಳಗೆ ಇಳಿಯುತ್ತಿತ್ತು.

"ಜಹೀರ್ ಅಹಮದ್, ಶಿರಾ!"

ಬಂಡಿ ತಳ್ಳಿಕೊಂಡು ಹೋದೆ. ಇನ್‌ಸ್ಪೆಕ್ಟರು ದೀಪ ನೋಡಿದರು, ಹಾರನ್ ಒತ್ತಿದರು. ಆಮೇಲೆ ತಾವೇ ಹತ್ತಿ ಬೆಟ್ಟದ ಬುಡದವರೆಗೂ ಒಂದು ಸುತ್ತು ಹೋಗಿ ಬಂದು, ಗಕ್ಕನೆ ಬ್ರೇಕ್ ಹಾಕಿ ನಿಲ್ಲಿಸಿದರು. ಇಳಿಯುವಾಗ ಅವರ ಮುಖದಲ್ಲಿ ನಗು ಇತ್ತು.

"ಯುದ್ಧದ ಗಾಡಿ ಈ ಸ್ಥಿತಿಯಲ್ಲಿ ನಾನು ನೋಡೇ ಇಲ್ಲ ಕಣ್ರೀ. ಯಾರು ಮಾಡಿದ್ದು?"

"ನಾನೇ ಸ್ವಾಮಿ," ಅಂದೆ.

ಅವರು ಕಾಗದ ಪೆನ್ಸಿಲು ತೆಗೆದು ಬಗ್ಗಿದರು. ಉಜ್ಜಿದರು. ಕಾಗದ ಬರೀ ಕಪ್ಪಾಯಿತು. ಇನ್ನೊಂದು ಕಡೆ ಉಜ್ಜಿದರು. ಫ್ರೇಮಿಗೆ ಬೆರಳಿಟ್ಟು ಸವರಿದರು. ಎದ್ದು ನಿಂತಾಗ ಆ ನಗು ಇರಲಿಲ್ಲ.

"ಎಲ್ರೀ ನಂಬರು?"

ನಾನು ಬಟ್ಟೆಯಿಂದ ಅದೇ ಜಾಗವನ್ನು ಮತ್ತೆ ಒರೆಸಿದೆ.

"ಇದು ಸವೆದದ್ದಲ್ಲ, ಅರ ಹಾಕಿ ತೆಗೆದಿರೋದು. ಹೀಗೆ ಯಾರು ತೆಗೀತಾರೆ ಗೊತ್ತೇನ್ರೀ? ಕಳ್ಳರು. ಅಡವಯ್ಯ, ಠಾಣೆಗೆ ಹೋಗಿ ಒಬ್ಬ ಕಾನ್‌ಸ್ಟೇಬಲ್ ಕರ್ಕೊಂಡ್ ಬಾ."

"ಸ್ವಾಮಿ, ಸ್ವಾಮಿ! ನಾನಲ್ಲ!" ಅಂತ ಕಿರುಚಿದೆ. ಹೊರಟಿದ್ದ ಅಡವಯ್ಯ ಅಲ್ಲೇ ನಿಂತ. "ನಮ್ಮ ಅಂಗಡೀಲಿ ಕೆಲಸಕ್ಕೆ ಬರ್ತಾ ಇದ್ದ ಒಬ್ಬ ಕುರುಡು ಮುದುಕ. ತಲೆ ನೆಟ್ಟಗಿಲ್ಲ ಅವನಿಗೆ. ನಾನಿಲ್ಲದಾಗ ಉಜ್ಜಿಬಿಟ್ಟಿದ್ದಾನೆ."

"ಎಲ್ಲಿದ್ದಾನೆ ಅವನು?"

"ಓಡಿಹೋದ ಸ್ವಾಮಿ."

ಥೂ, ನನ್ನ ಬಾಯಿಗೆ ಹುಳ ಬೀಳ! ಮಾತು ಮುಗಿಯುವುದಕ್ಕೂ ನನ್ನ ಬೆನ್ನ ಹಿಂದೆ ಕೋಲು ಕುಟ್ಟುವ ಸದ್ದಾಗುವುದಕ್ಕೂ ಸರಿಹೋಯಿತು. ಬಂಡಿಯ ಸದ್ದು ಕೇಳಿ, ಸಾಹೇಬರು ಏನನ್ನುತ್ತಾರೋ ಕೇಳಬೇಕು ಅಂತ ನಮ್ಮಪ್ಪ ಎದ್ದು ಬಂದಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ನನಗೆ ಗೊತ್ತಿಲ್ಲ.

"ಆ ಮುದ್ಕ ನಾನೇ ಸ್ವಾಮಿ," ಅಂದರು ಕನ್ನಡದಲ್ಲಿ. "ನಾನೇ ತೆಗ್ದಿದ್ದು. ಈ ಹುಡುಗಂಗೆ ಏನೂ ಗೊತ್ತಿಲ್ಲ, ಇವನ್ನ ಬುಟ್ಬುಡಿ."

"ನೀನು ಇವನಿಗೆ ಏನಾಗಬೇಕು?"

ಅಪ್ಪ ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. "ಏನೂ ಇಲ್ಲ ಸ್ವಾಮಿ. ಕೆಲಸದೋನು."

ನಾನು ಅಲ್ಲೇ ಇದ್ದೆ. ಬಾಯಿ ಬಿಡಲಿಲ್ಲ. ಬೈಯಲಿಕ್ಕೆ ಇಡೀ ಶಿರಾಕ್ಕೆ ಸಾಕಾಗುವಷ್ಟು ಬಾಯಿದ್ದವನಿಗೆ ಆಗ ಎರಡು ಮಾತು ಬರಲಿಲ್ಲ.

"ಯಾಕೆ ತೆಗೆದೆ?" ಅಂತ ಇನ್‌ಸ್ಪೆಕ್ಟರು ಕೇಳಿದರು. ಅಪ್ಪ ಪಾತ್ರೆಯ ಪದ್ಧತಿಯನ್ನೆಲ್ಲ ಹೇಳಿದರು. ಕೇಳಿಸಿಕೊಂಡು ಇನ್‌ಸ್ಪೆಕ್ಟರು ತಲೆ ಅಲ್ಲಾಡಿಸಿದರು.

"ಕಥೆ ಚೆನ್ನಾಗಿದೆ. ಆದರೆ ಇದೇ ಗಾಡಿ ಮೇಲೆ ಇದೇ ನಂಬರಿತ್ತು ಅನ್ನೋದಕ್ಕೆ ಏನು ಸಾಕ್ಷಿ? ನಾಳೆ ಇದು ಕದ್ದ ಗಾಡಿ ಅಂತ ಆದ್ರೆ ನಾನು ಜವಾಬು ಕೊಡಬೇಕು."

"ಏನು ಬರ್ದಿತ್ತು ಅಂತ ನನಗೆ ಗೊತ್ತು ಸ್ವಾಮಿ. ಅಳಿಸೋಕೆ ಮುಂಚೆ ಬೆರಳಾಗೆ ಮೂರು ಸಲ ಓಡ್ಸಿ ಮನಸ್ನಾಗೆ ಇಟ್ಕಬೇಕು, ನಮ್ಮ ಉಸ್ತಾದ್ರು ಹಂಗೇ ಕಲ್ಸಿರೋದು. ನಾಳೆ ಪಾತ್ರೆ ನಂದು ಅಂತ ಯಾವನಾದ್ರೂ ಬಂದ್ರೆ ಹೇಳ್ಬೇಕಲ್ಲ?"

"ನಿನಗೆ ಇಂಗ್ಲಿಷ್ ಅಂಕಿ ಓದೋಕೆ ಬರುತ್ತಾ?"

"ಯಾವ್ದೂ ಬರಲ್ಲ. ಆಕಾರ ಗೊತ್ತು."

ಅಪ್ಪ ಕೋಲು ಕೆಳಗಿಟ್ಟು, ಮಣ್ಣಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ಅಂಗೈಯಿಂದ ಧೂಳು ಸಮ ಮಾಡಿದರು. ತೋರು ಬೆರಳಿನಿಂದ ನಿಧಾನವಾಗಿ ಗೀರತೊಡಗಿದರು. ಸುತ್ತ ಡ್ರೈವರುಗಳು ಸೇರಿದರು. ಏಳು. ಸೊನ್ನೆ. ನನ್ನ ಹತ್ತಿರ ಇದ್ದ ಹರಾಜಿನ ಕಾಗದದಲ್ಲಿ ಟೈಪಾಗಿದ್ದ ನಂಬರು ನನಗೆ ಬಾಯಿಪಾಠ, ಏಳು ಸೊನ್ನೆ ನಾಲ್ಕು ಎಂಟು ಒಂದು ಆರು. ಉಸಿರು ಹಿಡಿದು ನೋಡುತ್ತಿದ್ದೆ. ಮೂರನೆಯದು ಬಂತು. ನಾಲ್ಕಲ್ಲ! ನಾಲ್ಕಕ್ಕೆ ಅಡ್ಡಗೆರೆಯಿಂದ ಕೆಳಕ್ಕೆ ಒಂದು ಕಾಲಿರಬೇಕು, ಅಪ್ಪ ಅದನ್ನು ಬರೆಯಲೇ ಇಲ್ಲ. ಮೇಲೆ ಮೂರು ಮೂಲೆಯ ಆಕಾರ ಮಾಡಿ ಕೈ ಎತ್ತಿ ಮುಂದಿನದಕ್ಕೆ ಹೋದರು. ಎಂಟು, ಒಂದು, ಆರು.

ಮುಗಿಯಿತು, ಅಂದುಕೊಂಡೆ. ತಪ್ಪಿದರು.

ಇನ್‌ಸ್ಪೆಕ್ಟರು ಬಗ್ಗಿ ಆ ಮೂರನೆಯ ಆಕಾರ ತೋರಿಸಿದರು. "ಇದು ಪೂರ್ತಿ ಆಗಿಲ್ಲವಲ್ಲ ಅಜ್ಜ?"

"ಅಷ್ಟೇ ಇತ್ತು ಸ್ವಾಮಿ."

"ಕೆಳಗೆ ಒಂದು ಗೆರೆ ಇರಲಿಲ್ವಾ?"

ನನಗೆ ಕೂಗಿ ಹೇಳಬೇಕು ಅನ್ನಿಸಿತು, ಇತ್ತು ಅನ್ನಿ ಅಬ್ಬಾಜಿ, ಇತ್ತು ಅಂದುಬಿಡಿ ಅಂತ. ಅಪ್ಪ ಮತ್ತೊಮ್ಮೆ ಬೆರಳನ್ನು ಗಾಳಿಯಲ್ಲಿ ಓಡಿಸಿ ನೋಡಿದರು. "ಇರ್ಲಿಲ್ಲ. ಎಲ್ಡು ಕಡೇನೂ ಇರ್ಲಿಲ್ಲ. ಉಳಿ ಮುರ್ದಿರಬೇಕು."

ಇನ್‌ಸ್ಪೆಕ್ಟರು ಮೇಜಿಗೆ ಹೋಗಿ ಫೈಲು ಬಿಚ್ಚಿದರು. ಒಳಗಿಂದ ಒಂದು ಲಕೋಟೆ ತೆಗೆದರು. ನನ್ನ ಅರ್ಜಿ ಬಂದ ಮೇಲೆ ಅವರು ಮಿಲಿಟರಿ ಡಿಪೋಗೆ ಬರೆದು ಕೇಳಿದ್ದರಂತೆ. ಹರಾಜಿಗೆ ಮುಂಚೆ ಡಿಪೋದವರು ಪೆನ್ಸಿಲಿನಿಂದ ಉಜ್ಜಿ ಇಟ್ಟುಕೊಂಡಿದ್ದ ಗುರುತಿನ ಕಾಗದ ಹಿಂದಿನ ದಿನವಷ್ಟೇ ಅಂಚೆಯಲ್ಲಿ ಬಂದಿತ್ತು. ಅದನ್ನು ನಾನು ಕಂಡವನಲ್ಲ. ಅವರು ತಂದು ನನ್ನ ಮುಖದ ಮುಂದೆ ಹಿಡಿದರು. ಕಪ್ಪು ಪಟ್ಟಿಯಲ್ಲಿ ಆರು ಬಿಳಿ ಅಂಕಿ. ಮೂರನೆಯ ನಾಲ್ಕಕ್ಕೆ ಕಾಲಿರಲಿಲ್ಲ.

ಒಂದೂವರೆ ವರ್ಷ ಅದೇ ಎಂಜಿನ್ನಿನ ಮೇಲೆ ಬಗ್ಗಿ ಕೆಲಸ ಮಾಡಿದ ಎರಡು ಕಣ್ಣಿನವನು ನಾನು. ಆ ಮುರಿದ ಕಾಲು ನನಗೆ ಒಂದು ದಿನವೂ ಕಂಡಿರಲಿಲ್ಲ.

"ಶಹಬ್ಬಾಸ್ ಅಜ್ಜ!" ಅಂತ ಯಾರೋ ಡ್ರೈವರು ಕೂಗಿದ. ಇನ್‌ಸ್ಪೆಕ್ಟರು ಕುರ್ಚಿಯಲ್ಲಿ ಕೂತು ಬರೆಯಲು ಶುರು ಮಾಡಿದರು. "ಇವನ ಹೇಳಿಕೆ ತಗೊಂಡು ಫೈಲಿಗೆ ಸೇರಿಸ್ತೀನಿ. ಇಲಾಖೆಯಿಂದಲೇ ಹಳೇ ನಂಬರು ಹೊಸದಾಗಿ ಹೊಡಿಸೋಣ. ಅಜ್ಜ, ನಿನ್ನ ಹೆಸರು?"

ನನ್ನ ಅರ್ಜಿಯಲ್ಲಿ ತಂದೆಯ ಹೆಸರು ಬುಡನ್ ಸಾಬ್ ಅಂತ ಇತ್ತು, ಅರ್ಜಿ ಇನ್‌ಸ್ಪೆಕ್ಟರ ಮೊಣಕೈ ಕೆಳಗೇ ಇತ್ತು. ನಿಜ ಹೇಳಿದರೆ ನನ್ನ ಸುಳ್ಳು ಬಯಲಾಗುತ್ತದೆ ಅಂತ ಅಪ್ಪನಿಗೂ ಹೊಳೆದಿರಬೇಕು.

"ಖಾಸಿಂ..." ಅಂತ ಶುರು ಮಾಡಿದರು. ಅವತ್ತಿನವರೆಗೂ ಜನ್ಮದಲ್ಲಿ ಒಂದು ಸುಳ್ಳು ಹೇಳಿದವರಲ್ಲ, ಎರಡನೇ ಸುಳ್ಳಿಗೆ ಹೆಸರು ಅರ್ಧಕ್ಕೇ ನಿಂತಿತು.

ನನಗೆ ಇನ್ನು ತಡೆಯಲಾಗಲಿಲ್ಲ. "ಬುಡನ್ ಸಾಬ್ ಅಂತ ಬರೀರಿ ಸ್ವಾಮಿ. ನಮ್ಮಪ್ಪ. ನಾನು ಹೇಳಿದ್ದು ಸುಳ್ಳು, ಹೆದರಿಕೆಗೆ ಹೇಳಿಬಿಟ್ಟೆ."

ಪೆನ್ನು ನಿಂತಿತು. ಅವರು ಅರ್ಜಿ ನೋಡಿದರು, ನನ್ನನ್ನು ನೋಡಿದರು. ಕಾಗದ ಹರಿದು ಬಿಸಾಕುತ್ತಾರೆ ಅಂತಲೇ ನಾನು ಕಾದೆ.

"ಅಡವಯ್ಯ," ಅಂದರು, "ಅಜ್ಜನಿಗೆ ಕುರ್ಚಿ ಹಾಕು, ಟೀ ತರಿಸು. ಇವನು ಆ ಬಿಸಿಲಲ್ಲಿ ನಿಂತಿರಲಿ."

ನಿಂತೆ. ಎಲ್ಲ ಗಾಡಿಗಳ ಕೆಲಸ ಮುಗಿಯುವವರೆಗೂ, ಸಾಯಂಕಾಲ ನಾಲ್ಕರವರೆಗೂ ನಿಲ್ಲಿಸಿದರು. ಪಾಸೋ ಫೇಲೋ ಒಂದು ಮಾತಿಲ್ಲ. ಪೆಟ್ಟಿಗೆ ಕಟ್ಟುವಾಗ ಕರೆದು, ಸಹಿ ಹಾಕಿದ ಚೀಟಿಯನ್ನು ನನ್ನ ಕೈಗೆ ಕೊಡಲಿಲ್ಲ, ಅಪ್ಪನ ಕೈಗೆ ಕೊಟ್ಟರು. "ಪಾಸಾಗಿದೆ ಅಜ್ಜ. ಈ ಚೀಟಿ ಇಟ್ಕೊಂಡು ಗಾಡೀಲೇ ಊರಿಗೆ ಹೋಗಬಹುದು. ರಿಜಿಸ್ಟರ್ ಪುಸ್ತಕ ನಾಡಿದ್ದು ಬರುತ್ತೆ."

ನಾಡಿದ್ದು ಅಂದರೆ ಮೂವತ್ತು. ಕೆಲಸ ನನ್ನದಾಯಿತು. ಕುಣಿಯಬೇಕಾಗಿತ್ತು, ಕಾಲು ಎತ್ತಲಾಗಲಿಲ್ಲ.

ಅಪ್ಪನನ್ನು ಹಿಂದೆ ಕೂರಿಸಿಕೊಂಡು ಹೊರಟೆ. ದಾರಿಯುದ್ದಕ್ಕೂ ಅವರು ನನ್ನ ಭುಜ ಹಿಡಿಯದೆ ಸೀಟಿನ ಅಂಚು ಹಿಡಿದು ಕೂತಿದ್ದರು. ದೊಡ್ಡೇರಿ ದಾಟಿದ ಮೇಲೆ ನನ್ನಿಂದ ಆಗಲಿಲ್ಲ, ರಸ್ತೆ ಪಕ್ಕಕ್ಕೆ ನಿಲ್ಲಿಸಿದೆ.

"ಅಬ್ಬಾಜಿ, ತಪ್ಪಾಯಿತು. ಬೇಕಾದರೆ ಹೊಡೆಯಿರಿ."

"ಯಾಕೆ ಹೊಡೆಯಲಿ? ಕುರುಡ ಅಂದೆ, ಹೌದು. ಮುದುಕ ಅಂದೆ, ಹೌದು. ತಲೆ ನೆಟ್ಟಗಿಲ್ಲ ಅಂದೆ, ನಾನು ಮಾಡಿದ ಕೆಲಸ ನೋಡಿದರೆ ಅದೂ ಇರಬಹುದು." ಅವರು ಸ್ವಲ್ಪ ನಕ್ಕರು. ನಾನೂ ನಗಲು ನೋಡಿದೆ. ಆಮೇಲೆ ಅವರ ದನಿ ಇಳಿಯಿತು. "ಓಡಿಹೋದ ಅಂದೆಯಲ್ಲ ಬೇಟಾ, ಅದೊಂದು ಯಾಕಂದೆ? ನಿಮ್ಮಮ್ಮ ತೀರಿಕೊಂಡಾಗ ನೀನಿನ್ನೂ ಹಾಲು ಬಿಟ್ಟಿರಲಿಲ್ಲ. ಮಗುವನ್ನು ಯಾರಿಗಾದರೂ ಕೊಟ್ಟುಬಿಡು ಅಂತ ಮನೆಮಂದಿಯೆಲ್ಲ ಹೇಳಿದರು. ನಿನ್ನನ್ನು ಜೋಳಿಗೆಯಲ್ಲಿ ಕಟ್ಟಿಕೊಂಡು ಕುಲುಮೆ ಊದಿದೆ. ನಾನು ಎಲ್ಲಿಗೆ ಓಡಿಹೋಗಿದ್ದೆ?"

ರಸ್ತೆಯ ಪಕ್ಕ ಕೂತು ಸಣ್ಣ ಮಕ್ಕಳ ಹಾಗೆ ಅತ್ತುಬಿಟ್ಟೆ. ಅಪ್ಪ ಗಾಳಿಯಲ್ಲಿ ಕೈ ತಡವಿ ನನ್ನ ತಲೆ ಹುಡುಕಿ ಅದರ ಮೇಲೆ ಕೈಯಿಟ್ಟುಕೊಂಡು ನಿಂತರು.

ಹೊಲದಿಂದ ಬರುತ್ತಿದ್ದ ಎತ್ತಿನ ಗಾಡಿಯವನೊಬ್ಬ ನಮ್ಮನ್ನು ನೋಡಿ ಹಗ್ಗ ಜಗ್ಗಿ ನಿಲ್ಲಿಸಿದ.

"ಏನ್ ಸಾಬ್ರೆ, ಗಾಡಿ ಕೆಟ್ಟೋಯ್ತಾ?"

"ಇಲ್ಲ ಕಣಪ್ಪ," ಅಂದರು ನಮ್ಮಪ್ಪ. "ಗಾಡಿ ಪಾಸಾಗೈತೆ."